ಎರಡನೆಯ ಅರ್ಧವೃತ್ತ

ಅವನ ಮಣ್ಣಿಗೆ ಹೋಗಿ ಬಂದ ಕೆಲವು ವಾರಗಳ ಮೇಲೆ ಅವನ ಪಿಎಚ್‌ಡಿ ಗೈಡ್ ಮೇಡಂ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿಟ್ಟರು. ಮುಚ್ಚಳ ತೆಗೆದೆ. ತೇವ ಹೀರುವ ಸಿಲಿಕಾ ಪೊಟ್ಟಣಗಳ ನಡುವೆ ಮೂರು ಬಿಲ್ಲೆಗಳಿದ್ದವು. ಬಿಳಿಯವು, ಅಂಗಿಯ ಗುಂಡಿಗಿಂತ ಒಂದಿಷ್ಟು ದೊಡ್ಡವು.

“ಅವರು ಮಾಡಿದ್ರಲ್ಲಿ ಉಳಿದಿರೋದು ಇಷ್ಟೇ. ಐದನೇ ಅಧ್ಯಾಯದ ಅಳತೆ ನೀವು ಮುಗಿಸಿಕೊಡಬೇಕು,” ಎಂದರು.

“ಆಗಲಿ ಮೇಡಂ,” ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಆಗಲಿ ಎನ್ನುತ್ತಿದ್ದೆ. ಆಗಲ್ಲ ಅನ್ನಬೇಕಾದರೆ ಕಾರಣ ಹೇಳಬೇಕು, ಕಾರಣ ಹುಡುಕುವಷ್ಟು ತ್ರಾಣ ಇರಲಿಲ್ಲ.

ಅವನು ಬಿಳಿಗೆರೆ ಕಡೆಯವನು. ತಿಪಟೂರಿನ ಕಾಲೇಜೊಂದರಲ್ಲಿ ನಾವಿಬ್ಬರೂ ಭೌತಶಾಸ್ತ್ರದ ಮೇಷ್ಟ್ರುಗಳು, ಅಕ್ಕಪಕ್ಕದ ಮೇಜು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ. ಡೆಂಗಿ ಜ್ವರ ಬಂತು, ಒಂದು ವಾರ ಆಸ್ಪತ್ರೆಯಲ್ಲಿದ್ದ, ಹೋಗಿಬಿಟ್ಟ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಅವರ ತೋಟದಲ್ಲಿ ಗುಣಿ ಮುಚ್ಚುವಾಗ ಸುತ್ತ ನಿಂತವರೆಲ್ಲ ಗೊಳೋ ಎನ್ನುತ್ತಿದ್ದರು, ನಾನು ಪ್ರಯೋಗಾಲಯದ ಕುಲುಮೆಯ ಸ್ವಿಚ್ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ನನಗೆ ಒಳಗೆಲ್ಲ ಹಾಗಾಗಿತ್ತು.

ಶಿವಗಣಾರಾಧನೆಯ ದಿನ ಅವನ ಹೆಂಡತಿ ಮೇಡಂ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. “ಐದ್ ವರ್ಷ ಮನೇಗಿಂತ ಜಾಸ್ತಿ ಅಲ್ಲೇ ಇದ್ರು ಮೇಡಂ. ಆ ಡಾಕ್ಟ್ರು ಅನ್ನೋದು ಅವ್ರ ಹೆಸ್ರ ಮುಂದೆ ಬರ್ಲೇಬೇಕು. ಅದೊಂದ್ ಮಾಡ್ಕೊಡಿ.”

ಮೇಡಂ ಮೈಸೂರಿನವರು, ಮಾತು ಕಡಿಮೆ. ಆದರೆ ವಿಶ್ವವಿದ್ಯಾಲಯಕ್ಕೆ ಎಷ್ಟು ಸಲ ಅಲೆದರೋ, ಒಪ್ಪಿಗೆ ತಂದೇ ತಂದರು. ನಾಲ್ಕು ಅಧ್ಯಾಯ ಅವನೇ ಬರೆದು ಮುಗಿಸಿದ್ದ. ಉಳಿದ ಒಂದನ್ನು ಬೇರೆಯವರು ಅಳೆದು ಬರೆಯಬಹುದು, ಆದರೆ ಅಳೆಯುವುದು ಅವನೇ ಮಾಡಿದ ಬಿಲ್ಲೆಗಳಾಗಿರಬೇಕು, ಅವನ ನೋಂದಣಿಯ ಅವಧಿ ಮುಗಿಯುವುದರೊಳಗೆ ಪ್ರಬಂಧ ಕೈಸೇರಬೇಕು ಎಂದು ಷರತ್ತು. ನಾವು ಹೊಸದಾಗಿ ಬಿಲ್ಲೆ ಸುಟ್ಟು ಅವನ ಹೆಸರು ಹಾಕುವ ಹಾಗಿಲ್ಲ. ಅಂದರೆ ಡಬ್ಬಿಯೊಳಗಿನ ಆ ಮೂರು ಒಡೆದುಹೋದರೆ ಅವನ ಡಿಗ್ರಿಯೂ ಇಲ್ಲ.

ಈ ಬಿಲ್ಲೆ ಏನೆಂದು ಹೇಳಿಬಿಡುತ್ತೇನೆ. ಫೋನಿನ ಬ್ಯಾಟರಿಯೊಳಗೆ ಒಂದು ದ್ರವ ಇರುತ್ತದೆ. ಲಿಥಿಯಂ ಅಯಾನುಗಳು ಅದರೊಳಗೆ ಈ ಕಡೆಯಿಂದ ಆ ಕಡೆಗೆ ಓಡಾಡುವುದರಿಂದಲೇ ಬ್ಯಾಟರಿ ನಡೆಯುವುದು. ಆ ದ್ರವಕ್ಕೆ ಬೆಂಕಿ ಹತ್ತುವ ಭಯ ಇದೆ. ಅದರ ಜಾಗದಲ್ಲಿ ಗಟ್ಟಿ ವಸ್ತು ಇಟ್ಟರೆ ಭಯವಿಲ್ಲ, ಆದರೆ ಗಟ್ಟಿಯೊಳಗೂ ಅಯಾನು ಸಲೀಸಾಗಿ ಓಡಬೇಕು. ಇದಕ್ಕಾಗಿ ದೇಶದೇಶಗಳಲ್ಲಿ ಜನ ಪುಡಿ ಅರೆದು ಸುಡುತ್ತಿದ್ದಾರೆ. ಅವನೂ ಸುಟ್ಟ. ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂ ಸೇರಿದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸಾವಿರ ಡಿಗ್ರಿಗೂ ಮೇಲಿನ ಕಾವಿನಲ್ಲಿ ಬೇಯಿಸಿದರೆ ಪಿಂಗಾಣಿಯಂಥ ಬಿಲ್ಲೆ ಬರುತ್ತದೆ. ಅದರೊಳಗೆ ಅಯಾನು ಎಷ್ಟು ಸಲೀಸಾಗಿ ಸಾಗುತ್ತದೆ ಎನ್ನುವುದೇ ಅದರ ವಾಹಕತೆ. ಅದನ್ನು ಅಳೆಯುವ ಯಂತ್ರ ನನ್ನ ಸುಪರ್ದಿನಲ್ಲಿತ್ತು, ಹಾಗಾಗಿ ಡಬ್ಬಿ ನನ್ನ ಮೇಜಿಗೆ ಬಂತು.

ಅಳೆಯುವಾಗ ಮೊದಲು ಬಿಲ್ಲೆಯ ಎರಡೂ ಮುಖವನ್ನು ಎಮರಿ ಕಾಗದದ ಮೇಲೆ ಉಜ್ಜಿ ನುಣುಪು ಮಾಡಬೇಕು. ಬೆಳ್ಳಿಯ ಲೇಪ ಬಳಿದು, ತಂತಿ ಅಂಟಿಸಿ, ಯಂತ್ರಕ್ಕೆ ಜೋಡಿಸಬೇಕು. ಯಂತ್ರ ಬಹಳ ಸಣ್ಣ ವೋಲ್ಟೇಜ್ ಕೊಟ್ಟು ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಹೋಗುತ್ತದೆ. ಶುರುವಿನಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ, ಆಮೇಲೆ ನಿಧಾನ, ಇನ್ನೂ ನಿಧಾನ. ಒಂದೊಂದು ವೇಗಕ್ಕೆ ತೆರೆಯ ಮೇಲೆ ಒಂದೊಂದು ಚುಕ್ಕಿ ಬೀಳುತ್ತದೆ, ಚುಕ್ಕಿಗಳು ಸೇರಿ ಅರ್ಧವೃತ್ತ ಮೂಡುತ್ತದೆ. ಅರ್ಧವೃತ್ತ ದೊಡ್ಡದಾದಷ್ಟೂ ಅಯಾನಿಗೆ ಅಡ್ಡಿ ಜಾಸ್ತಿ ಎಂದು ಅರ್ಥ.

ಅವನ ಬಿಲ್ಲೆಗಳಲ್ಲಿ ಎರಡು ಅರ್ಧವೃತ್ತ ಬರುತ್ತಿದ್ದವು. ಮೊದಲನೆಯದು ಪುಟ್ಟದು, ಅದರ ಬೆನ್ನಿಗೇ ಇನ್ನೊಂದು ದೊಡ್ಡದು. ಆ ಎರಡನೆಯದರ ದೆಸೆಯಿಂದ ಅವನ ವಾಹಕತೆ ಬೇರೆಯವರು ಪಡೆದುದರ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗೆ ಬಿದ್ದುಹೋಗುತ್ತಿತ್ತು. ಬಿಲ್ಲೆಯೊಳಗೆ ಹರಳಿಗೂ ಹರಳಿಗೂ ನಡುವೆ ಇರುವ ಸಂದುಗಳು ಕೆಟ್ಟಿವೆ, ಅಯಾನು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದ. ಆ ಸಂದುಗಳನ್ನು ಸರಿಮಾಡಲು ಪುಡಿ ಬದಲಿಸಿದ, ಕಾವು ಬದಲಿಸಿದ, ಹಬ್ಬ ಹರಿದಿನ ಬಿಟ್ಟ. ಏನೂ ಆಗಲಿಲ್ಲ. ಕೊನೆಕೊನೆಗೆ ನನ್ನ ಎದುರು ಬಂದು ಕುಕ್ಕರಿಸುತ್ತಿದ್ದ.

“ನನ್ ಕೈಗುಣಾನೇ ಸರಿ ಇಲ್ಲ ಕಣಣ್ಣ.”

“ಹೋಗ್ಲಾ, ಕೈಗುಣ ನೋಡಕ್ಕೆ ಇದೇನ್ ಒಬ್ಬಟ್ಟಾ,” ಎನ್ನುತ್ತಿದ್ದೆ. ನಗುತ್ತಿದ್ದ, ಎದ್ದು ಹೋಗಿ ಮತ್ತೆ ಪುಡಿ ಅರೆಯುತ್ತಿದ್ದ.

ನಾನು ಮಾಡಬೇಕಾಗಿದ್ದು ಕಾವು ಏರಿಸುತ್ತಾ ಅಳೆಯುವ ಕೆಲಸ. ಬಿಲ್ಲೆಯನ್ನು ಸಣ್ಣ ಒಲೆಯೊಳಗಿಟ್ಟು ಒಂದಿಷ್ಟು ಕಾವು ಏರಿಸಬೇಕು, ಅದು ನಿಲ್ಲುವ ತನಕ ಕಾಯಬೇಕು, ಅಳೆಯಬೇಕು, ಮತ್ತೆ ಏರಿಸಬೇಕು. ಒಂದು ಸುತ್ತಿಗೆ ದಿನಗಳೇ ಹಿಡಿಯುತ್ತವೆ. ನನಗೆ ಅದು ಒಗ್ಗಿತು. ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರೆ ಯಾರೂ ಮಾತಾಡಿಸುವುದಿಲ್ಲ. ಹೇಗಿದ್ದೀರಿ ಎಂದು ಕೇಳುವವರಿಗೆ ಒಲೆ ತೋರಿಸಿದರೆ ಸಾಕು, ಸುಮ್ಮನೆ ಹೋಗುತ್ತಿದ್ದರು.

ಮೊದಲ ಬಿಲ್ಲೆ ಹೋಗಿದ್ದು ಕರೆಂಟಿನ ಭಯಕ್ಕೆ. ಯಂತ್ರಕ್ಕೆ ಯುಪಿಎಸ್ ಇತ್ತು, ಒಲೆಗೆ ಇರಲಿಲ್ಲ. ಮಧ್ಯಾಹ್ನ ಕರೆಂಟು ತೆಗೆಯುತ್ತಾರೆ ಎಂದು ಗೊತ್ತಾಗಿ, ಅಷ್ಟರಲ್ಲಿ ಒಂದು ಮೆಟ್ಟಿಲಾದರೂ ದಾಟೋಣ ಎಂದು ಕಾವನ್ನು ಬೇಗ ಏರಿಸಿದೆ. ಒಳಗಿನಿಂದ ‘ಟಿಕ್’ ಅಂತ ಒಂದು ಸಣ್ಣ ಸದ್ದು ಬಂತು. ತೆರೆಯ ಮೇಲೆ ಚುಕ್ಕಿಗಳೆಲ್ಲ ದಿಕ್ಕಾಪಾಲಾದವು. ತಣ್ಣಗಾದ ಮೇಲೆ ತೆಗೆದು ನೋಡಿದರೆ ಬಿಲ್ಲೆ ಎರಡು ಹೋಳು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಹೋಳುಗಳನ್ನು ಒಂದು ಕವರಿಗೆ ಹಾಕಿ ಮೇಡಂಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನೆರಡಿದೆಯಲ್ಲ,” ಎಂದರು.

ಆ ಎರಡರಲ್ಲಿ ಒಂದು ದಪ್ಪ, ಇನ್ನೊಂದು ತೆಳ್ಳಗೆ. ತೆಳ್ಳನೆಯದನ್ನು ಅವನು ಎಷ್ಟೋ ಸಲ ಉಜ್ಜಿ ಉಜ್ಜಿ ಸವೆಸಿದ್ದ. ಒಲೆಗಿಡುವ ಮೊದಲು ಎರಡನ್ನೂ ಸುಮ್ಮನೆ ಕೋಣೆಯ ಕಾವಿನಲ್ಲೇ ಅಳೆದುಕೊಂಡೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಪುಟ್ಟ ಅರ್ಧವೃತ್ತ ದಪ್ಪ ಬಿಲ್ಲೆಯಲ್ಲಿ ದೊಡ್ಡದಾಗಿತ್ತು, ತೆಳ್ಳನೆಯದರಲ್ಲಿ ಚಿಕ್ಕದಾಗಿತ್ತು. ಅದು ಸರಿ. ದಾರಿ ಉದ್ದವಾದಷ್ಟೂ ಅಡ್ಡಿ ಜಾಸ್ತಿ. ಆದರೆ ಎರಡನೆಯ ಅರ್ಧವೃತ್ತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಬೈದದ್ದು ಯಂತ್ರವನ್ನೇ. ತಂತಿ ಬದಲಿಸಿದೆ. ಗೊತ್ತಿರುವ ರೆಸಿಸ್ಟರ್ ಒಂದನ್ನು ಹಾಕಿ ಅಳೆದೆ, ಯಂತ್ರ ಸರಿಯಾಗೇ ಹೇಳಿತು. ಬೆಳ್ಳಿ ಲೇಪವನ್ನು ಅಸಿಟೋನಿನಲ್ಲಿ ತೊಳೆದು ಹೊಸದಾಗಿ ಬಳಿದೆ, ಮತ್ತೆ ಅದೇ. ಹರಳಿನ ಸಂದುಗಳು ಬಿಲ್ಲೆಯ ಉದ್ದಕ್ಕೂ ಇರುತ್ತವೆ. ದಪ್ಪ ಬಿಲ್ಲೆಯಲ್ಲಿ ಸಂದು ಜಾಸ್ತಿ, ಅಡ್ಡಿಯೂ ಜಾಸ್ತಿಯಾಗಬೇಕು. ಹಾಗಾಗದಿದ್ದರೆ ಅಡ್ಡಿ ಬಿಲ್ಲೆಯ ಒಳಗಿಲ್ಲ, ಮೈಮೇಲಿದೆ. ಅವನಿಗೆ ಇದು ಕಾಣದಿದ್ದುದಕ್ಕೆ ಕಾರಣ ಇತ್ತು. ಅವನು ಅಳೆಯುತ್ತಿದ್ದ ಬಿಲ್ಲೆಗಳೆಲ್ಲ ಒಂದೇ ದಪ್ಪದವು, ಸವೆದು ತೆಳ್ಳಗಾದದ್ದನ್ನು ಲೆಕ್ಕಕ್ಕೆ ಹಿಡಿಯದೆ ಪಕ್ಕಕ್ಕಿಡುತ್ತಿದ್ದ, ಅಷ್ಟು ಅಚ್ಚುಕಟ್ಟು ಮನುಷ್ಯ.

ಮೈಮೇಲೆ ಏನಿದೆ ಎಂದು ಮಾತ್ರ ಹೊಳೆಯಲಿಲ್ಲ. ದಿನ ಕಳೆಯಿತು. ಪಾಠ ಮಾಡುತ್ತಿದ್ದೆ, ಹಾಜರಿ ಕೂಗುತ್ತಿದ್ದೆ, ಕೆ.ಬಿ. ಕ್ರಾಸಿನ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ. ಹೆಂಡತಿ ತಟ್ಟೆ ಇಟ್ಟರೆ ಉಣ್ಣುತ್ತಿದ್ದೆ. ಏನು ಉಂಡೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬಿಲ್ಲೆ ಉಜ್ಜಲು ಅವನದೊಂದು ಗಾಜಿನ ಹಲಗೆ ಇತ್ತು. ಎಮರಿ ಕಾಗದವನ್ನು ಅದರ ಮೇಲೆ ಅಂಟಿಸಿಕೊಂಡು ಉಜ್ಜುತ್ತಿದ್ದ. ಅವನು ಬಿಟ್ಟುಹೋದ ಹಾಗೆಯೇ ಸಿಂಕಿನ ಪಕ್ಕ ಗೋಡೆಗೆ ಒರಗಿತ್ತು. ಅಂಚಿನಲ್ಲೆಲ್ಲ ಬಿಲ್ಲೆಯ ಪುಡಿ ಮತ್ತು ಉಜ್ಜುವಾಗ ಹಾಕುತ್ತಿದ್ದ ಎಣ್ಣೆ ಸೇರಿ ಬೂದು ಬಣ್ಣದ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಒಂದು ಬೆಳಿಗ್ಗೆ ತರಗತಿಗೆ ಮುಂಚೆ, ತೊಳೆದಿಡೋಣ ಎಂದು ಅದನ್ನು ನಲ್ಲಿಯ ಕೆಳಗೆ ಹಿಡಿದೆ. ಕೈಯಿಂದ ಜಾರಿತು. ಬೆರಳಿನಲ್ಲಿ ಉಜ್ಜಿದರೆ ನೊರೆ ಬಂತು. ಸೋಪು ತಾಗಿತೇನೋ ಎಂದು ನೋಡಿದೆ, ಸಿಂಕಿನ ಹತ್ತಿರ ಸೋಪೇ ಇರಲಿಲ್ಲ. ಜಿಡ್ಡೇ ನೊರೆಯಾಗುತ್ತಿತ್ತು.

ನಲ್ಲಿ ನಿಲ್ಲಿಸಿ ಹಾಗೆಯೇ ನಿಂತೆ. ಕೊಬ್ಬರಿ ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನು. ಹೈಸ್ಕೂಲಿನಲ್ಲಿ ಓದಿದ್ದು.

ನಮ್ಮ ಕಡೆಯ ವಿಷಯ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಬಿಲ್ಲೆಗೆ ನೀರು ಆಗದು. ನೀರು ಸೋಕಿದರೆ ಲಿಥಿಯಂ ಹೊರಬಂದು ಮೈ ಕೆಡುತ್ತದೆ. ಆದ್ದರಿಂದ ಉಜ್ಜುವಾಗ ನೀರಿನ ಬದಲು ಎಣ್ಣೆ ಬಳಸಿ ಎಂದು ಹೊರದೇಶದವರು ಬರೆದಿರುತ್ತಾರೆ. ಅವರು ಹೇಳುವುದು ಪ್ಯಾರಾಫಿನ್ ಥರದ ಎಣ್ಣೆ, ಯಾವುದರ ಜೊತೆಗೂ ಸೇರದ್ದು. ಅವನು ಓದಿದ್ದು ಎಣ್ಣೆ ಎಂದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಉಳಿದ ಊರುಗಳ ಮಾತು. ನಮ್ಮಲ್ಲಿ ಹಿತ್ತಲ ಮರವೇ ಎಲ್ಲಕ್ಕೂ ಮದ್ದು. ಬಾಗಿಲ ಕೀಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರಕ್ಕೂ ಅದೇ, ಮಗುವಿನ ನೆತ್ತಿಗೂ ಅದೇ. ಅವನು ಮನೆಯ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆಯನ್ನು ಒಂದು ಬಾಟಲಿಯಲ್ಲಿ ತಂದಿಟ್ಟುಕೊಂಡಿದ್ದ. ಮೇಡಂ ಪ್ರಯೋಗಾಲಯಕ್ಕೆ ಬರುತ್ತಿದ್ದುದು ಅಪರೂಪ, ಅಲ್ಲಿ ಇದ್ದ ನಾವೆಲ್ಲ ಅದನ್ನು ದಿನಾ ನೋಡಿದ್ದೇವೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಬಿಸಿಲಿಗಿಟ್ಟು ಕರಗಿಸುತ್ತಿದ್ದ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಗಾಳಿಯ ತೇವಕ್ಕೇ ಬಿಲ್ಲೆಯ ಮೈಮೇಲೆ ಬಂದಿದ್ದ ಲಿಥಿಯಂ ಕ್ಷಾರ ಆ ಎಣ್ಣೆಯನ್ನು ಕುಡಿದು ತೆಳ್ಳನೆಯ ಸಾಬೂನಾಗಿತ್ತು. ಲಿಥಿಯಂ ಸಾಬೂನು ಅಸಿಟೋನಿಗೆ ಕರಗುವುದಿಲ್ಲ, ಬೆಳ್ಳಿ ಲೇಪದ ಕೆಳಗೆ ಗಟ್ಟಿಯಾಗಿ ಕೂರುತ್ತದೆ, ಅಯಾನನ್ನು ಬಿಡುವುದಿಲ್ಲ. ಅವನು ಉಜ್ಜಿದಷ್ಟೂ, ಒಳ್ಳೆಯದಾಗಲಿ ಎಂದು ಮತ್ತೆ ಮತ್ತೆ ಉಜ್ಜಿದಷ್ಟೂ, ಅದು ಹೊಸದಾಗಿ ಹುಟ್ಟುತ್ತಿತ್ತು.

ಮೇಡಂ ಕೋಣೆಗೆ ಒದ್ದೆ ಕೈಯಲ್ಲೇ ಹೋದೆ.

“ಮೇಡಂ, ಎರಡನೇ ಅರ್ಧವೃತ್ತ ಸಂದಿನದಲ್ಲ. ಎಣ್ಣೇದು.”

“ಎಣ್ಣೆ ಹೇಗೆ? ಪ್ಯಾರಾಫಿನ್ ಯಾವುದರ ಜೊತೆಗೂ ಸೇರಲ್ಲವಲ್ಲ.”

“ಪ್ಯಾರಾಫಿನ್ ಅಲ್ಲ ಮೇಡಂ. ಕೊಬ್ಬರಿ ಎಣ್ಣೆ.”

ಮೇಡಂ ಪ್ರಬಂಧದ ಕರಡು ತೆಗೆದು ಹಾಳೆ ತಿರುವಿದರು. “ಅಧ್ಯಾಯದಲ್ಲಿ ಬರೀ ಎಣ್ಣೆ ಅಂತ ಬರೆದಿದ್ದಾರೆ. ಯಾವ ಎಣ್ಣೆ ಅಂತ ಬರೆದೇ ಇಲ್ಲ!”

“ತಿಪಟೂರಲ್ಲಿ ಯಾವ ಎಣ್ಣೆ ಅಂತ ಯಾರು ಬರೀತಾರೆ ಮೇಡಂ.”

ಅವರಿಗೆ ನಗು ಬಂತು. ನಗು ಅರ್ಧಕ್ಕೆ ನಿಂತು, ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಯುತ್ತಾ ನಿಂತಿದ್ದೆ. ನನಗೆ ನಗುವೂ ಬರಲಿಲ್ಲ, ಇನ್ನೊಂದೂ ಬರಲಿಲ್ಲ.

ಆಮೇಲೆ ಬಂತು ಇಕ್ಕಟ್ಟು. ಅವಧಿ ಮುಗಿಯಲು ಒಲೆಯಲ್ಲಿ ಒಂದು ಸುತ್ತು ಮುಗಿಸುವಷ್ಟು ಕಾಲ ಮಾತ್ರ ಉಳಿದಿತ್ತು. ಸಾಬೂನಿನ ಸಮೇತ ಬಿಲ್ಲೆಯನ್ನು ಬಿಸಿ ಮಾಡಿ ಅಳೆದುಬಿಟ್ಟರೆ ಕೆಟ್ಟದೋ ಒಳ್ಳೆಯದೋ ಒಂದು ಐದನೇ ಅಧ್ಯಾಯ ಆಗುತ್ತದೆ. ಆದರೆ ಬಿಸಿಗೆ ಸಾಬೂನು ಮೆತ್ತಗಾಗಿ ಬಿಲ್ಲೆಯ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯಲಾಗುವುದಿಲ್ಲ. ಮೊದಲೇ ತೆಗೆಯಬೇಕೆಂದರೆ, ಪ್ಯಾರಾಫಿನ್ ಕೂಡ ಈ ಸಾಬೂನಿನೊಡನೆ ಕಲೆತು ಗ್ರೀಸಾಗಿ ಮೆತ್ತಿಕೊಳ್ಳುವುದರಿಂದ, ಯಾವ ಎಣ್ಣೆಯೂ ಇಲ್ಲದೆ, ನೀರಿಲ್ಲದೆ, ಒಣಗೇ ಉಜ್ಜಬೇಕು. ಒಣಗೆ ಉಜ್ಜಿದರೆ ಪಿಂಗಾಣಿ ಒಡೆಯುವುದೇ ಹೆಚ್ಚು. ಒಡೆದರೆ ಅವನ ಹೆಸರಿನ ಮುಂದೆ ಏನೂ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ.

“ಇದ್ದ ಹಾಗೇ ಅಳೆಯೋಣ,” ಎಂದರು ಮೇಡಂ. “ವಾಹಕತೆ ಕಡಿಮೆ ಬಂತು ಅಂತ ಯಾರೂ ಡಿಗ್ರಿ ತಡೆಯಲ್ಲ. ಆಕೆ ಕೇಳಿದ್ದು ಡಿಗ್ರಿ.”

“ಎರಡು ಬಿಲ್ಲೆ ಇದೆಯಲ್ಲ ಮೇಡಂ. ಒಂದನ್ನ ಉಜ್ಜಿ ನೋಡ್ತೀನಿ.”

ತೆಳ್ಳನೆಯದನ್ನು ತೆಗೆದುಕೊಂಡೆ. ನಮ್ಮಲ್ಲಿ ಒಂದು ಅಕ್ರಿಲಿಕ್ ಪೆಟ್ಟಿಗೆ ಇದೆ, ಎರಡು ಕೈಗವಸು ಜೋಡಿಸಿದ್ದು. ಗಾಳಿಯ ತೇವ ಸೋಕದ ಹಾಗೆ ಒಳಗೆ ಆರ್ಗಾನ್ ಅನಿಲ ತುಂಬಿ, ಹೊಸ ಎಮರಿ ಕಾಗದ ಹಾಸಿ, ಬಿಲ್ಲೆಯನ್ನು ಬೆರಳ ತುದಿಯಲ್ಲಿ ಒತ್ತಿ ಉಜ್ಜತೊಡಗಿದೆ. ಒಂದು ಮುಖ ಮುಗಿಯಿತು. ತಿರುಗಿಸಿ ಎರಡನೆಯದಕ್ಕೆ ಕೈ ಇಟ್ಟೆ. ಕಾಗದದ ಅಂಚಿಗೆ ಸಿಕ್ಕಿ ಮುರಿಯಿತು. ಕೈಗವಸಿನೊಳಗೆ ಬೆರಳು ಬೆವೆತಿದ್ದವು, ಒಳಗಿದ್ದ ಚೂರುಗಳನ್ನು ಹೆಕ್ಕುವುದಕ್ಕೇ ಅರ್ಧ ಗಂಟೆ ಹಿಡಿಯಿತು.

“ಸಾಕು ಬಿಡಿ. ಉಳಿದದ್ದನ್ನ ಇದ್ದ ಹಾಗೇ ಒಲೆಗಿಡಿ,” ಎಂದರು ಮೇಡಂ. ಸಿಟ್ಟಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಊಟದ ಬಿಡುವಿನಲ್ಲಿ ಆ ಕೊನೆಯ ಬಿಲ್ಲೆಯನ್ನು ಎದುರಿಗಿಟ್ಟುಕೊಂಡು ಕೂತೆ. ಮೇಡಂ ಹೇಳಿದ್ದು ನ್ಯಾಯವೇ. ಆಕೆ ಕೇಳಿದ್ದು ವಾಹಕತೆಯನ್ನಲ್ಲ, ಡಿಗ್ರಿಯನ್ನು. ಆದರೆ ಈ ಪ್ರಬಂಧ ಗ್ರಂಥಾಲಯದಲ್ಲಿ ಕೂರುತ್ತದೆ. ಇಂಥವನು ಇಂಥ ಬಿಲ್ಲೆ ಮಾಡಿದ, ಅದು ಕೆಲಸಕ್ಕೆ ಬರಲಿಲ್ಲ ಎಂದು ಅವನ ಹೆಸರಿನ ಕೆಳಗೆ ಅಚ್ಚಾಗಿರುತ್ತದೆ. ಅದು ಸುಳ್ಳು ಎಂದು ಗೊತ್ತಿದ್ದೂ ಅಳೆದು ಕೊಡುವವನು ನಾನು. ತಪ್ಪು ಅಂಕಿ ಕಂಡರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ವಿದ್ಯಾರ್ಥಿಗಳು ಇದಕ್ಕೇ ನನ್ನ ಹಿಂದೆ ಆಡಿಕೊಳ್ಳುವುದು. ಅವನು ಹೋದ ಮೇಲೆ ನನ್ನೊಳಗೆ ಎಲ್ಲ ಜೋಮು ಹಿಡಿದಿದ್ದಾಗಲೂ ಆ ಉರಿ ಒಂದು ಮಾತ್ರ ಇತ್ತು. ಅದನ್ನೂ ಆರಿಸಿಕೊಂಡರೆ ನನ್ನಲ್ಲಿ ಏನೂ ಉಳಿಯುವುದಿಲ್ಲ ಅನ್ನಿಸಿತು.

ಎದ್ದು ಹೋಗಿ ಮೇಡಂಗೆ ಹೇಳಿದೆ. “ಉಜ್ಜುತ್ತೀನಿ ಮೇಡಂ. ಒಡೆದರೆ ಅವರ ಮನೆಗೆ ಹೋಗಿ ನಾನೇ ಹೇಳ್ತೀನಿ.”

ಅವರು ನನ್ನ ಮಧ್ಯಾಹ್ನದ ತರಗತಿಯನ್ನು ತಾವು ತೆಗೆದುಕೊಂಡರು.

ಈ ಸಲ ಕಾಗದವನ್ನು ಗಾಜಿಗೆ ಮೂಲೆಯಿಂದ ಮೂಲೆಗೆ ಸುಕ್ಕಿಲ್ಲದಂತೆ ಅಂಟಿಸಿದೆ. ಬಿಲ್ಲೆಯನ್ನು ಬರಿ ಬೆರಳಲ್ಲಿ ಒತ್ತದೆ, ಒಂದು ಸಣ್ಣ ಲೋಹದ ತುಂಡಿಗೆ ಮೇಣದಲ್ಲಿ ಅಂಟಿಸಿಕೊಂಡೆ. ಭಾರ ಅದರದೇ, ನಾನು ಬರೀ ದಾರಿ ತೋರಿಸುವುದು. ಎಂಟರ ಆಕಾರದಲ್ಲಿ ಸುತ್ತಿಸಿದೆ. ಕೆಲವು ಸುತ್ತಿಗೊಮ್ಮೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸಾಬೂನು ಇದ್ದಲ್ಲಿ ಮಂಕು, ಹೋದಲ್ಲಿ ಹೊಳಪು. ಮಂಕು ಅಂಚಿನತ್ತ ಸರಿಯುತ್ತಾ ಹೋಯಿತು. ಒಂದು ಮುಖ ಮುಗಿಸಿ, ಮೇಣ ಬಿಡಿಸಿ, ತಿರುಗಿಸಿ ಅಂಟಿಸಿದೆ. ಕೊನೆಗೆ ಎರಡೂ ಮುಖ ಹೊಳೆಯಿತು, ಬಿಲ್ಲೆ ಇಡಿಯಾಗಿತ್ತು. ಪೆಟ್ಟಿಗೆಯೊಳಗೇ ಮೇಣ ಒರೆಸಿ ಬೆಳ್ಳಿ ಬಳಿದು ಒಣಗಿಸಿ, ಯಂತ್ರಕ್ಕೆ ಸಿಕ್ಕಿಸಿದೆ.

ಚುಕ್ಕಿಗಳು ಬೀಳತೊಡಗಿದವು. ಪುಟ್ಟ ಅರ್ಧವೃತ್ತ ಏರಿತು, ಇಳಿಯಿತು. ಅದರ ಬೆನ್ನಿಗೆ ಇನ್ನೊಂದು ಏಳುವ ಜಾಗ ಬಂತು. ಏಳಲಿಲ್ಲ. ಚುಕ್ಕಿಗಳು ನೇರ ಗೆರೆಯಾಗಿ ಮೇಲಕ್ಕೆ ಹೊರಟುಹೋದವು. ಎರಡನೆಯ ಅರ್ಧವೃತ್ತ ಇರಲೇ ಇಲ್ಲ. ಲೆಕ್ಕ ಹಾಕಿದೆ. ಅವನು ಬರೆದಿದ್ದಕ್ಕಿಂತ ಹತ್ತು ಪಟ್ಟಿಗೂ ಮೇಲೆ ಬಂತು. ದೊಡ್ಡ ದೊಡ್ಡ ಪ್ರಯೋಗಾಲಯದವರು ಪ್ರಕಟಿಸುವ ಒಳ್ಳೆಯ ಬಿಲ್ಲೆಗಳ ಸಾಲಿನಲ್ಲಿ ನಿಲ್ಲುವ ಅಂಕಿ. ನಂಬದೆ ಮತ್ತೆ ಅಳೆದೆ, ಅದೇ ಬಂತು. ಬರೆದಿಟ್ಟುಕೊಂಡೆ. ಕುಣಿಯಬೇಕು ಅಂತೇನೂ ಅನ್ನಿಸಲಿಲ್ಲ. ಟೀ ಕುಡಿಯೋಣ ಅನ್ನಿಸಿತು, ಹೋಗಿ ಕುಡಿದು ಬಂದೆ.

ಒಲೆಯ ಸುತ್ತು ಸರಾಗವಾಗಿ ಮುಗಿಯಿತು. ಅವಸರ ಮಾಡಲಿಲ್ಲ, ಕರೆಂಟು ಹೋದರೆ ಹೋಗಲಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ಕಾವು ಹೆಚ್ಚಿದ ಹಾಗೆಲ್ಲ ವಾಹಕತೆ ಹೆಚ್ಚಿತು, ಚುಕ್ಕಿಗಳು ಒಂದೇ ಗೆರೆಯಲ್ಲಿ ಬಂದವು. ಮೇಡಂ ಅವನ ನಾಲ್ಕನೇ ಅಧ್ಯಾಯದ ಒಂದಕ್ಷರವನ್ನೂ ತಿದ್ದಲಿಲ್ಲ. “ಅವರು ಇಲ್ಲದಾಗ ಅವರ ಮಾತು ತಿದ್ದೋ ಹಕ್ಕು ನಮಗಿಲ್ಲ,” ಎಂದು, ಪ್ರಬಂಧದ ಕೊನೆಗೆ ನನ್ನ ಹೆಸರಿನಲ್ಲಿ ಒಂದು ಅನುಬಂಧ ಸೇರಿಸಿದರು. ಕೊಬ್ಬರಿ ಎಣ್ಣೆಯಿಂದ ಸಾಬೂನು ಹೇಗಾಯಿತು, ಅದನ್ನು ತೆಗೆದ ಮೇಲೆ ಬಿಲ್ಲೆ ಏನು ಹೇಳಿತು, ಎಲ್ಲ ಅದರಲ್ಲಿದೆ. ಮೌಖಿಕ ಪರೀಕ್ಷೆಯಲ್ಲಿ ಅವನ ಬದಲು ಮೇಡಂ ನಿಂತು ಉತ್ತರಿಸಿದರು. ಡಿಗ್ರಿ ಮಂಜೂರಾಯಿತು. ಅವನ ಹೆಂಡತಿಗೆ ಸುದ್ದಿಯನ್ನು ಫೋನಿನಲ್ಲಿ ಹೇಳಿದವರೂ ಅವರೇ.

ರಟ್ಟು ಕಟ್ಟಿದ ಪ್ರಬಂಧದ ಒಂದು ಪ್ರತಿಯನ್ನು ಮನೆಗೆ ಮುಟ್ಟಿಸುವ ಕೆಲಸ ನನಗೆ ಬಂತು. ಭಾನುವಾರ ಬೆಳಿಗ್ಗೆ ಹೋದೆ. ಅಂಗಳದಲ್ಲಿ ಇಬ್ಬರು ಆಳುಗಳು ಕಾಯಿ ಸುಲಿಯುತ್ತಿದ್ದರು. ಅವನ ಹೆಂಡತಿ, ಸುಲಿದ ಕಾಯಿಗಳನ್ನು ಒಂದು ಕಡೆ ರಾಶಿ ಹಾಕುತ್ತಿದ್ದಳು. ಅವನ ತಾಯಿ ಆ ಕಡೆ ಕೊಟ್ಟಿಗೆಯಲ್ಲಿದ್ದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಮೊದಲ ಪುಟದಲ್ಲಿ ಅವನ ಹೆಸರು ನೋಡಿದಳು. ಹಾಳೆ ತಿರುವಿ ಚಿತ್ರಗಳನ್ನು ನೋಡಿದಳು.

“ಇದ್ರಾಗೆ ಏನೈತಣ್ಣ? ನಂಗೆ ತಿಳಿಯೋ ಹಂಗೆ ಹೇಳಿ.”

“ಅವ್ನ್ ಮಾಡಿದ್ ಬಿಲ್ಲೆ ಎಷ್ಟ್ ಚೆನ್ನಾಗೈತೆ ಅಂತ ಅಳ್ದಿರೋದು ಕಣಮ್ಮ.”

“ಚೆನ್ನಾಗಿಲ್ಲ ಅಂತಿದ್ರಲ್ಲ ಅವ್ರು.”

“ಅಳೆಯೋದ್ರಲ್ಲಿ ತಪ್ಪಾಗಿತ್ತು. ಅವ್ನು ಅಂದ್ಕೊಂಡಿದ್ದಕ್ಕಿಂತ ಹತ್ತು ಪಟ್ಟು ಚೆನ್ನಾಗೈತೆ. ಹೊರದೇಶದೋರು ಮಾಡ್ತಾರಲ್ಲ, ಅಂಥಾದ್ದು.”

“ಈಗ ಹಂಗಾಯ್ತಾ?”

“ಈಗ ಆಗಿದ್ದಲ್ಲಮ್ಮ. ಮೊದ್ಲಿಂದಾನೂ ಹಂಗೇ ಇತ್ತು. ಕಾಣಿಸ್ತಿರ್ಲಿಲ್ಲ ಅಷ್ಟೇ.”

ಆಕೆ ಪುಸ್ತಕ ಮುಚ್ಚಿದಳು. ಆಳುಗಳು ಕಾಯಿ ಸುಲಿಯುತ್ತಲೇ ಇದ್ದರು.

“ಆಸ್ಪತ್ರೇಲಿ ಒಂದಿನ ಅಂದ್ರು,” ಎಂದಳು. “ಅದ್ ಆಗ್ಲಿಲ್ಲ ಕಣೇ, ಐದ್ ವರ್ಷ ಬರೀ ಮಣ್ ಸುಟ್ಟೆ ಅಂತ. ನಾನು ಹೋಗ್ಲಿ ಬುಡಿ, ಮೊದ್ಲು ಎದ್ ಬನ್ನಿ, ತೋಟ ಐತಲ್ಲ ಅಂದೆ.” ಕಾಲ ಬಳಿಗೆ ಉರುಳಿ ಬಂದ ಕಾಯಿಯೊಂದನ್ನು ಬಗ್ಗಿ ರಾಶಿಗೆ ಹಾಕಿದಳು. “ಹೋಗ್ಲಿ ಬುಡಿ ಅಂದ್ಬುಟ್ಟೆ ಕಣಣ್ಣ.”

ಆಕೆ ಕೊಟ್ಟಿಗೆಯ ಕಡೆ ತಿರುಗಿ ಕೂಗಿದಳು.

“ಅತ್ತೇ! ಕಾಲೇಜಲ್ಲಿ ಮಾಡಿದ್ರಲ್ಲ, ಅದು ಚೆನ್ನಾಗೇ ಇತ್ತಂತೆ. ಅಣ್ಣ ಬಂದು ಹೇಳ್ತಾವ್ರೆ.”

“ಯಾರ್ದೇ?”

“ಯಾರ್ದು ಅಂತೀರಾ. ನಿಮ್ ಮಗಂದು.”

ಹುಲ್ಲಿನ ಹೊರೆ ಕೆಳಗೆ ಹಾಕಿದ ಸದ್ದಾಯಿತು. ತಾಯಿ ಅಲ್ಲಿಂದಲೇ, ಸ್ವಲ್ಪ ಸಿಟ್ಟಿನಲ್ಲಿ ಅಂದರು: “ಅವನ್ ಮಾಡಿದ್ದು ಯಾವಾಗ ಚೆನ್ನಾಗಿರ್ಲಿಲ್ಲ?”

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕಾಯಿ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ.